ಕೆಳಗಿನಿಂದ ಬರುವ ನೀರು

“ದೊಡ್ಡದೇ ಇರಲಿ,” ಎಂದರು ಧರ್ಮೇಶ್.

ಟೀಪಾಯಿಯ ಮೇಲೆ ನಾನು ಎರಡು ಪಂಪ್ ಇಟ್ಟಿದ್ದೆ. ಒಂದು ಅಂಗೈಯಲ್ಲಿ ಹಿಡಿಸುವಂಥದ್ದು, ನೀರೊಳಗೇ ಮುಳುಗಿಸಿಡುವ ಜಾತಿ. ಇನ್ನೊಂದು ಹೊರಗೆ ಕೂರಿಸುವಂಥದ್ದು, ಸುಲಿಯದ ತೆಂಗಿನಕಾಯಿಯಷ್ಟು ದಪ್ಪ. ಆ ಮನುಷ್ಯ ಸಣ್ಣದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

“ಸಾರ್, ಮನೆಯೊಳಗಿನ ಮೀನಿನ ಟ್ಯಾಂಕಿಗೆ ಅಷ್ಟು ದೊಡ್ಡದು...” ಎಂದು ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ರುದ್ರಾಣಿ ಅತ್ತಿಗೆ ಹಿಮ್ಮಡಿಯಿಂದ ನನ್ನ ಹೆಬ್ಬೆರಳು ತುಳಿದರು. ನಮ್ಮ ಅತ್ತಿಗೆಯ ಭಾಷೆಯಲ್ಲಿ ಇದಕ್ಕೆ ಬಾಯಿ ಮುಚ್ಚು ಎಂದರ್ಥ. ಮುಚ್ಚಿದೆ.

ನನ್ನ ತಂಗಿಯ ಮಗ ಅಭಿಷೇಕ್ ಕಾಣೆಯಾಗಿ ಹತ್ತು ದಿನವಾಗಿತ್ತು. ಅತ್ತಿಗುಂಡಿಯ ಮೇಲಿನ ಈ ಎಸ್ಟೇಟ್ ಬಂಗಲೆಗೆ ಉಪ್ಪುನೀರಿನ ಟ್ಯಾಂಕ್ ಕೂರಿಸಿದ್ದೇ ಅವನ ಕೊನೆಯ ಕೆಲಸ. ಅವನ ಬೈಕು ಬಣಕಲ್ ಬಸ್ ಸ್ಟಾಪಿನ ಹತ್ತಿರ ಸಿಕ್ಕಿದ್ದರಿಂದ, ಹುಡುಗ ಮಂಗಳೂರು ಬಸ್ ಹತ್ತಿ ಹೋಗಿದ್ದಾನೆ ಎಂದು ಪೊಲೀಸರು ತೀರ್ಮಾನಿಸಿ ಕೂತಿದ್ದರು. ಸಬ್‌ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿದ್ದ ನಮ್ಮ ಅತ್ತಿಗೆಗೆ ಮಾತ್ರ ಆ ತೀರ್ಮಾನ ಗಂಟಲಲ್ಲಿ ಇಳಿದಿರಲಿಲ್ಲ.

ನಮ್ಮ ಹಿಂದೆ ಟೂಲ್ಸ್ ಚೀಲ ಹಿಡಿದು ನಿಂತಿದ್ದವಳು ಧನ್ಯಾ, ಅಭಿಷೇಕ್‌ನ ಹೆಂಡತಿ. ಚಿಕ್ಕಮಗಳೂರಿನಲ್ಲಿ ಗಂಡ ಹೆಂಡತಿ ಸೇರಿ ಬಣ್ಣದ ಮೀನಿನ ಅಂಗಡಿ ನಡೆಸುತ್ತಿದ್ದರು. ಧರ್ಮೇಶ್ ಅವಳನ್ನು ನೋಡಿರಲಿಲ್ಲ. “ನಮ್ಮ ಅಂಗಡಿ ಹುಡುಗಿ” ಎಂದು ಪರಿಚಯಿಸಿದ್ದೆ. ಅತ್ತಿಗೆಯನ್ನು “ನಮ್ಮ ಮನೆಯವರು, ದತ್ತಪೀಠ ನೋಡ್ಬೇಕು ಅಂತ ಜೊತೇಲಿ ಬಂದ್ರು” ಎಂದಿದ್ದೆ. ಅಣ್ಣನ ಹೆಂಡತಿಯೂ ಮನೆಯವರೇ ತಾನೆ, ಸುಳ್ಳೇನಲ್ಲ.

ಬೆಳಿಗ್ಗೆ ನನ್ನ ಪಂಪ್ ಅಂಗಡಿಯ ಶಟರ್ ಎತ್ತುತ್ತಿದ್ದ ಹಾಗೇ ಧರ್ಮೇಶ್ ಅತ್ತಿಗುಂಡಿಗೆ ಇಳಿದು ಬಂದು ಫೋನ್ ಮಾಡಿದ್ದರು. “ಉಪ್ಪುನೀರಿಗೆ ಪಂಪ್ ಬೇಕು. ಹೊರಗೆ ಕೂರಿಸೋದು. ಸೆರಾಮಿಕ್ ಶಾಫ್ಟ್ ಇರ್ಬೇಕು, ನೀರಿಗೆ ಲೋಹ ತಾಗಬಾರ್ದು. ಹದಿನೆಂಟು ಅಡಿ ಹೆಡ್.” ಇಷ್ಟನ್ನೂ ಒಂದೇ ಉಸಿರಿನಲ್ಲಿ, ಮಗು ಮೇಷ್ಟರಿಗೆ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದರು.

ನನಗೇನೂ ಅನಿಸಲಿಲ್ಲ. ಹೆಡ್ ಎಂದರೆ ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಎಂಬ ಲೆಕ್ಕ. ನಮ್ಮ ಗುಡ್ಡದ ಜನರಿಗೆ ಇದರಲ್ಲಿ ಒಂದು ಚಾಳಿ ಇದೆ. ಕಾಫಿ ಹೂವಿಗೆ ನೀರು ಹಾರಿಸಲು ಕೆರೆಯಿಂದ ದಿಣ್ಣೆಯ ತಲೆಗೆ ನೀರೆತ್ತಿ ರೂಢಿ. ಹೀಗಾಗಿ ಬಚ್ಚಲಿಗೆ ಪಂಪ್ ಬೇಕಾದರೂ ಒಂದು ಸೈಜ್ ಮೇಲಿನದನ್ನೇ ಕೇಳುತ್ತಾರೆ. ಇವರೂ ಅದೇ ಗಿರಾಕಿ ಎಂದುಕೊಂಡೆ.

ಅತ್ತಿಗೆ ಮಾತ್ರ ಕಾಫಿ ಲೋಟ ಕೆಳಗಿಟ್ಟು, “ಎರಡೂ ತಗೊಂಡು ಹೋಗು ಮಾರಾಯ. ಯಾವ್ದು ಆರಿಸ್ತಾರೆ ನೋಡಣ,” ಎಂದಿದ್ದರು.

ಈಗ ಆರಿಸಿಯಾಗಿತ್ತು.

“ಸಂಪ್ ಎಲ್ಲಿಟ್ಟಿದ್ದೀರಿ ಸಾರ್?” ಎಂದೆ. ಟ್ಯಾಂಕಿನ ನೀರು ಇಳಿದು, ಸೋಸಿ, ಮತ್ತೆ ಮೇಲೇರಲು ಕಾಯುವ ತೊಟ್ಟಿಗೆ ಸಂಪ್ ಎನ್ನುತ್ತೇವೆ. ಎಲ್ಲರ ಮನೆಯಲ್ಲೂ ಅದು ಟ್ಯಾಂಕಿನ ಕೆಳಗಿನ ಕಪಾಟಿನಲ್ಲೇ ಇರುತ್ತದೆ.

“ಹೊರಗೆ. ಔಟ್‌ಹೌಸಲ್ಲಿ. ಮೋಟಾರ್ ಸದ್ದು ನಂಗಾಗಲ್ಲ,” ಎಂದರು ಧರ್ಮೇಶ್.

ಕಿಟಕಿಯಿಂದ ಔಟ್‌ಹೌಸ್ ಕಾಣುತ್ತಿತ್ತು. ಅದರ ನೆಲವೂ ಬಂಗಲೆಯ ನೆಲವೂ ಒಂದೇ ಮಟ್ಟ. ಅಲ್ಲಿಂದ ಇಲ್ಲಿಗೆ ನೀರೆತ್ತಲು ಐದಡಿ ಹೆಡ್ ಧಾರಾಳವಾಯಿತು. ಹಾಗಾದರೆ ಹದಿನೆಂಟು ಅಡಿ ಯಾಕೆ?

ಧರ್ಮೇಶ್ ಕಳಸದ ಕಡೆಯ ಹಳೆಯ ಪ್ಲಾಂಟರ್ ಮನೆತನದವರು. ಈ ಎಸ್ಟೇಟ್ ಕೊಂಡು ಎರಡು ವರ್ಷವಾಗಿತ್ತು. ಮೆಲುಮಾತಿನ ಮನುಷ್ಯ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಒಂಟಿ ಜೀವ. ಮಾತಾಡುತ್ತಿದ್ದರೂ ಅವರ ಕಣ್ಣು ಟ್ಯಾಂಕಿನ ಮೇಲೇ ಇತ್ತು.

ಟ್ಯಾಂಕ್ ಗೋಡೆಯುದ್ದಕ್ಕೂ ಇತ್ತು. ಪಂಪ್ ನಿಂತಿದ್ದರಿಂದ ಬ್ಯಾಟರಿಯ ಸಣ್ಣ ಯಂತ್ರವೊಂದು ಗುಳುಗುಳು ಗಾಳಿ ಬಿಡುತ್ತಿತ್ತು. ಕಿತ್ತಳೆ ಬಣ್ಣದ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕಲ್ಲಿನ ಮೇಲೆ ಅನಿಮೋನ್ ಎಂಬ ಕಡಲಿನ ಜೀವಿ ಹೂವಿನ ಹಾಗೆ ಅರಳಿಕೊಂಡಿತ್ತು. ಗಾಜು ಎಷ್ಟು ಶುಭ್ರವಾಗಿತ್ತೆಂದರೆ ಒಳಗೆ ನೀರಿದೆಯೋ ಇಲ್ಲವೋ ಎನಿಸುತ್ತಿತ್ತು.

“ಇವು ಸತ್ರೆ ನಾನು ತಡ್ಕೊಳಲ್ಲ ರೇವಣ್ಣೋರೆ. ಮನುಷ್ಯರು ಹೋದ್ರೆ ಹೋಗ್ಲಿ,” ಎಂದು ಧರ್ಮೇಶ್ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಅತ್ತಿಗೆ ಸೋಫಾದಿಂದ ಎದ್ದು ಟ್ಯಾಂಕಿನ ಹತ್ತಿರ ಹೋದರು. “ಎಷ್ಟು ಚೆನ್ನಾಗಿ ಇಟ್ಟಿದ್ದೀರಪ್ಪ. ದಿನಾ ಉಜ್ಜಬೇಕೇನೋ ಅಲ್ವಾ?”

“ಉಜ್ತಾರೆ. ನಮ್ಮ ರೈಟರ್ ಪುಟ್ಟಸ್ವಾಮಿ.”

“ಗೇಟಲ್ಲಿ ಸಿಕ್ಕಿದ್ರಲ್ಲ, ಅವ್ರಾ?”

“ಅವ್ರೇ. ಎಸ್ಟೇಟ್ ಲೆಕ್ಕಪತ್ರ, ಮೀನು, ಎಲ್ಲಾ ಅವ್ರೇ ನೋಡ್ಕೊಳ್ಳೋದು.”

ನಾವು ಬಂದಾಗ ಪುಟ್ಟಸ್ವಾಮಿ ಗೇಟಿನ ಪಕ್ಕ ಡ್ರಮ್ಮಿನ ಮುಂದೆ ನಿಂತು ಬೋರ್ಡೋ ಕಲಸುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಕಾಫಿಗೂ ಮೆಣಸಿಗೂ ಹೊಡೆಯುವ ಮದ್ದು ಅದು, ಸುಣ್ಣ ಮತ್ತು ಮೈಲುತುತ್ತ. ಎರಡು ವಾರದಿಂದ ಅದೇ ಕೆಲಸ ಎಂದು ಅವರೇ ಗೊಣಗಿದ್ದರು. ಮೊಣಕೈವರೆಗೆ ನೀಲಿ ಹಿಡಿದಿತ್ತು, ಉಗುರಿನ ಸಂದಿಯೂ ನೀಲಿ.

ಧನ್ಯಾ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದದ್ದು ನನ್ನ ಕಣ್ಣಿಗೆ ಬಿತ್ತು. ಬರುವ ದಾರಿಯಲ್ಲಿ ಅವಳೇ ಹೇಳಿದ್ದಳು, ಮೈಲುತುತ್ತದಲ್ಲಿರುವ ತಾಮ್ರ ಚೂರು ಸೋಕಿದರೂ ಅನಿಮೋನ್ ಮುದುಡಿ ಸಾಯುತ್ತದೆ ಎಂದು. ಎಸ್ಟೇಟಿನವರಿಗೆ ಟ್ಯಾಂಕ್ ಮಾರುವಾಗ ಅಭಿಷೇಕ್ ಮೊದಲು ಹೇಳುತ್ತಿದ್ದ ಮಾತೇ ಅದಂತೆ. ಪುಟ್ಟಸ್ವಾಮಿಯ ಕೈ ಈ ನೀರಿಗೆ ಒಂದೇ ಒಂದು ಸಲ ಇಳಿದಿದ್ದರೂ ಕಲ್ಲಿನ ಮೇಲೆ ಆ ಹೂವು ಇರುತ್ತಿರಲಿಲ್ಲ.

ಅಂದರೆ ಈ ಗಾಜನ್ನು ಉಜ್ಜುತ್ತಿದ್ದವರು ಬೇರೆ ಯಾರೋ.

“ಈ ಟ್ಯಾಂಕ್ ಕೂರಿಸಿದ ಹುಡುಗ ಕಾಣ್ತಿಲ್ಲವಂತೆ. ಪೇಟೆ ತುಂಬಾ ಅದೇ ಮಾತು,” ಎಂದರು ಅತ್ತಿಗೆ, ಮೀನು ನೋಡುತ್ತಲೇ.

ಧರ್ಮೇಶ್ ತಲೆ ತಿರುಗಿಸಿದರು. “ಪೊಲೀಸ್ರಿಗೆ ಎಲ್ಲಾ ಹೇಳಿದ್ದೀನಮ್ಮ. ಕೆಲ್ಸ ಮುಗಿಸ್ದ, ಊಟ ಮಾಡ್ದ, ಬೈಕ್ ಹತ್ತಿ ಹೋದ.”

“ಪಾಪ, ಹೆಂಡ್ತಿ ಇದ್ದಾಳಂತೆ.”

“ಇರ್ಬಹುದು.”

“ಏನ್ ಊಟ ಹಾಕಿದ್ರಿ?”

“ಏನು?”

“ಕೊನೇ ಸಲ ಕಂಡೋರು ನೀವು ಅಲ್ವಾ. ಹುಡುಗ ಹೊಟ್ಟೆ ತುಂಬಾ ಉಂಡು ಹೋದ್ನಾ ಅಂತ ಕೇಳ್ದೆ. ಹೆಂಗಸರ ಬುದ್ಧಿ.”

ಧರ್ಮೇಶ್ ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಗಿತ್ತು. “ಅಕ್ಕಿ ರೊಟ್ಟಿ,” ಎಂದರು ನಿಧಾನವಾಗಿ. “ನೀವು ತುಂಬಾ ಪ್ರಶ್ನೆ ಕೇಳ್ತೀರಮ್ಮ.”

“ಇವ್ರೂ ಹಾಗೇ ಬೈತಾರೆ,” ಎಂದು ಅತ್ತಿಗೆ ನನ್ನ ಕಡೆ ಕೈ ತೋರಿಸಿದರು. ನಾನು ಬೈಯುವವನ ಮುಖ ಮಾಡಲು ಆದಷ್ಟು ಪ್ರಯತ್ನಪಟ್ಟೆ.

“ಮೀನು ಒದ್ದಾಡ್ತಿದೆ ಸಾರ್. ಪಂಪ್ ನಾನೇ ಕೂರಿಸಿಬಿಡ್ತೀನಿ,” ಎಂದು ಎದ್ದೆ.

“ಬೇಡ.” ಅವರು ದೊಡ್ಡ ಪಂಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಪುಟ್ಟಸ್ವಾಮಿ ಕೂರಿಸ್ತಾರೆ. ನೀವು ಕೂತ್ಕೊಳ್ಳಿ.” ಎರಡು ಹೆಜ್ಜೆ ಹೋಗಿ ನಿಂತು ಪಂಪನ್ನು ಆ ಕಡೆ ಈ ಕಡೆ ತಿರುಗಿಸಿದರು. “ನೀರು ಯಾವ ಬಾಯಿಂದ ಒಳಗೆ ಹೋಗತ್ತೆ?”

ಹದಿನೆಂಟು ಅಡಿ ಹೆಡ್, ಸೆರಾಮಿಕ್ ಶಾಫ್ಟ್ ಎಂದು ಫೋನಿನಲ್ಲಿ ಒಪ್ಪಿಸಿದ್ದ ಮನುಷ್ಯ ಕೇಳಿದ ಪ್ರಶ್ನೆ ಇದು. “ನಡುವಿನದು ಒಳಗೆ, ಮೇಲಿನದು ಹೊರಗೆ,” ಎಂದೆ.

ಅವರು ಅಡುಗೆಮನೆಯ ಕಡೆಯ ಬಾಗಿಲು ದಾಟಿ ಹೋದರು. ಒಳಗಿನಿಂದ ಚಿಲಕ ಬಿತ್ತು. ಔಟ್‌ಹೌಸಿಗೆ ಹೋಗುವ ದಾರಿ ಅದಲ್ಲ, ಅಲ್ಲಿಗೆ ಮುಂಬಾಗಿಲಿನಿಂದ ಹೋಗಬೇಕು.

ಅತ್ತಿಗೆ ಕ್ಷಣವೂ ಕಾಯಲಿಲ್ಲ. ಟ್ಯಾಂಕಿನ ಕೆಳಗಿನ ಕಪಾಟಿನ ಬಾಗಿಲು ಎಳೆದರು. ಒಳಗೆ ಸಂಪ್ ಇರಲಿಲ್ಲ. ಎರಡು ದಪ್ಪ ಪಿವಿಸಿ ಪೈಪ್ ಟ್ಯಾಂಕಿನಿಂದ ಇಳಿದು, ನೆಲದ ಹಲಗೆ ಕೊರೆದ ತೂತಿನೊಳಗೆ ಹೋಗಿದ್ದವು. ತೂತಿನ ಸುತ್ತ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು.

“ಬಂಗಲೆ ಇಳಿಜಾರಿನ ಮೇಲಿದೆ,” ಎಂದರು ಅತ್ತಿಗೆ ಪಿಸುದನಿಯಲ್ಲಿ. “ಕೆಳಗೆ ಹಳೇ ಕಾಫಿ ಗೋಡೌನ್ ಇರ್ಬೇಕು. ಹಿಂದಿನ ಕಾಲದ ಬಂಗಲೆಗಳಲ್ಲಿ ಪಾರ್ಚ್‌ಮೆಂಟ್ ಕಾಫಿ ಮೂಟೆ ಅಡಿಯಲ್ಲೇ ಇಡ್ತಿದ್ರು.”

ಧನ್ಯಾ ಚೀಲದಿಂದ ನೀರಿನ ಬಾಟಲಿ ತೆಗೆದಳು. ಟ್ಯಾಂಕಿನ ಮೂಲೆಯಲ್ಲಿ ನೀರು ಇಳಿದುಹೋಗುವ ಕಂಡಿಯೊಳಗೆ ಒಂದು ಲೋಟದಷ್ಟು ಸುರಿದಳು. ಆಮೇಲೆ ಪೈಪಿಗೆ ಕಿವಿ ಕೊಟ್ಟಳು. ನಾನೂ ಕೊಟ್ಟೆ.

ನೀರು ಪೈಪಿನೊಳಗೆ ಸರಿಯುತ್ತಾ ಹೋಯಿತು. ಹೋಗುತ್ತಲೇ ಇತ್ತು. ಆಮೇಲೆ ಬಹಳ ಕೆಳಗೆಲ್ಲೋ ನೀರಿನ ಮೇಲೆ ನೀರು ಬಿದ್ದ ಸದ್ದು. ಅದು ಐದಡಿಯ ಸದ್ದಲ್ಲ. ಬಾವಿಗೆ ಕೊಡ ಬಿಟ್ಟವರಿಗೆ ಆ ಸದ್ದು ಗೊತ್ತು.

“ಹದಿನೆಂಟು ಅಡಿ,” ಎಂದಳು ಧನ್ಯಾ. “ಅತ್ತೆ, ಫೋನಲ್ಲಿ ಒಪ್ಪಿಸಿದ್ದು ಈ ಧರ್ಮೇಶ್ ಮಾತಲ್ಲ. ನಮ್ಮನೆಯವ್ರ ಮಾತು. ಎಷ್ಟು ಆಳದಲ್ಲಿದ್ದೀನಿ ಅಂತ ಈ ಮನುಷ್ಯನ ಬಾಯಲ್ಲೇ ಹೇಳಿಸಿ ಕಳ್ಸಿದ್ದಾರೆ.” ಅವಳ ಕೆಳತುಟಿ ನಡುಗುತ್ತಿತ್ತು.

“ಅಳ್ಬೇಡ,” ಎಂದರು ಅತ್ತಿಗೆ. “ಇಲ್ಲಿ ಮಾತ್ರ ಅಳ್ಬೇಡ ತಾಯಿ. ಹೊರಗೆ ಹೋಗೋ ತನಕ ನೀನು ಅಂಗಡಿ ಹುಡುಗಿ.” ಅವರು ತಮ್ಮ ಮೊಬೈಲ್ ನೋಡಿ ಮತ್ತೆ ಸೊಂಟಕ್ಕೆ ಸಿಕ್ಕಿಸಿದರು. ಆ ದಿಣ್ಣೆಯ ಮೇಲೆ ಸಿಗ್ನಲ್ ಇರಲಿಲ್ಲ. “ನಗುನಗುತ್ತಾ ಹೊರಡೋಣ. ಅತ್ತಿಗುಂಡಿ ಮುಟ್ಟಿದ ಕೂಡ್ಲೇ ಸ್ಟೇಷನ್ನಿಗೆ ಫೋನ್ ಮಾಡ್ತೀನಿ. ಕತ್ತಲಾಗೋದ್ರೊಳಗೆ ವಾಪಸ್ ಬರ್ತೀವಿ.”

ಚಿಲಕ ಸರಿಯಿತು. ನಾವು ಮೂವರೂ ಇದ್ದಲ್ಲಿಗೆ ಬಂದು ನಿಂತೆವು.

ಧರ್ಮೇಶ್ ಒಳಗೆ ಬಂದರು. ಕೈಯಲ್ಲಿ ಪಂಪ್ ಇರಲಿಲ್ಲ. ಅಂಗಿಯ ತೋಳಿನ ಇಸ್ತ್ರಿ ಗೆರೆ ಕೂಡ ಹಾಗೇ ಇತ್ತು, ಬೆರಳು ಒಣಗಿದ್ದವು. ಉಪ್ಪುನೀರಿನ ಪಂಪ್ ಬದಲಾಯಿಸಿ ಮೊಣಕೈವರೆಗೆ ಒದ್ದೆಯಾಗದೆ ಬಂದವರನ್ನು ನಾನಂತೂ ಕಂಡಿಲ್ಲ.

ಕಿಟಕಿಯಾಚೆ, ಗೇಟಿನ ಹತ್ತಿರ, ಪುಟ್ಟಸ್ವಾಮಿ ಇನ್ನೂ ಡ್ರಮ್ಮಿನಲ್ಲಿ ಕೋಲು ತಿರುಗಿಸುತ್ತಿದ್ದರು.

“ಈಗ ಬರತ್ತೆ ನೋಡಿ,” ಎಂದು ಧರ್ಮೇಶ್ ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತರು.

ನಾವೂ ನಿಂತೆವು. ಮೀನುಗಳು ಬಾಯಿ ತೆರೆದು ಮುಚ್ಚುತ್ತಲೇ ಇದ್ದವು.

ಮೊದಲು ಪೈಪಿನ ಬಾಯಿಂದ ಗಾಳಿ ಬಂತು. ಆಮೇಲೆ ನಾಲ್ಕು ಹನಿ. ಆಮೇಲೆ ಸಣ್ಣ ಧಾರೆ, ಅಷ್ಟಕ್ಕೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಧಾರೆ ಇನ್ನೊಂದಿಷ್ಟು ದಪ್ಪವಾಯಿತು, ಮತ್ತೆ ಅಲ್ಲೇ ತಡೆಯಿತು. ಕೊನೆಗೆ ಪೂರ್ತಿ ನೀರು, ಒಂದು ಗುಳ್ಳೆಯೂ ಇಲ್ಲದೆ, ಸದ್ದಿಲ್ಲದೆ ಹರಿಯತೊಡಗಿತು.

ಕೆಳಗೆ ಯಾರೋ ವಾಲ್ವನ್ನು ಒಂದೇ ಏಟಿಗೆ ತೆಗೆಯದೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ, ಗಾಳಿ ಹೊರಗೆ ಹೋಗಲು ಬಿಟ್ಟು, ಮತ್ತೆ ತಿರುಗಿಸಿದ್ದರು. ಮೀನಿಗೆ ಗಾಬರಿಯಾಗಬಾರದೆಂದು ಹಾಗೆ ಮಾಡುತ್ತಾರೆ. ಪಂಪಿನ ಬಾಯಿ ಗೊತ್ತಿಲ್ಲದವರ ಕೆಲಸ ಅದಲ್ಲ. ಆ ಹೊತ್ತಿನಲ್ಲಿ ಧರ್ಮೇಶ್ ನಮ್ಮ ಪಕ್ಕದಲ್ಲೇ ನಿಂತಿದ್ದರು.

ಅಭಿಷೇಕ್ ಬದುಕಿದ್ದಾನೆ!

ಧನ್ಯಾ ಬಗ್ಗಿ ಚೀಲದೊಳಗೆ ಸ್ಪ್ಯಾನರ್ ಹುಡುಕುವ ನೆಪ ಮಾಡಿದಳು. ನನಗೋ, ಎದೆಯ ಮೇಲಿನ ಬಂಡೆ ಇಳಿದಂತಾಗಿ ಕಣ್ಣು ಮಂಜಾಯಿತು. ಹತ್ತು ದಿನದಿಂದ ತಂಗಿಯ ಮುಖ ನೋಡಲಾರದೆ ಹಿತ್ತಲ ಬಾಗಿಲಿನಿಂದ ಓಡಾಡಿದ್ದೆ. ಈಗ ಹೋಗಿ, ನಿನ್ನ ಮಗ ಇದ್ದಾನೆ ಕಣೇ, ಎಂದು ಕೂಗಬೇಕೆನಿಸಿತು. ಅಷ್ಟು ಸಂತೋಷವಾದಾಗ ನನ್ನ ನಾಲಿಗೆಗೆ ಕಡಿವಾಣ ಇರುವುದಿಲ್ಲ.

“ಸದ್ದೇ ಇಲ್ಲ!” ಎಂದರು ಧರ್ಮೇಶ್. ಮೊದಲ ಸಲ ಅವರ ಮುಖ ನಿಜವಾಗಿ ಅರಳಿತ್ತು. “ಹಳೇದು ವಾರಕ್ಕೆರಡು ಸಲ ಕೈ ಕೊಡ್ತಿತ್ತು. ದಿನಾ ಬಿಚ್ಚಿ ತೊಳೀಬೇಕು, ಹೊಂದಿಸ್ಬೇಕು. ಒಂದು ದಿನ ನೋಡದಿದ್ರೆ ಮೀನು ಕಂಗಾಲು. ಇದಕ್ಕೂ ಹಾಗೇ ಯಾರಾದ್ರೂ ಇರ್ಲೇಬೇಕಾ ರೇವಣ್ಣೋರೆ?”

ಮೇ ತಿಂಗಳಲ್ಲಿ ಪಂಪ್ ಕೊಳ್ಳುವ ಎಸ್ಟೇಟಿನವರೆಲ್ಲ ಕೇಳುವ ಪ್ರಶ್ನೆ ಇದು. ಮಳೆ ಹಿಡಿದರೆ ಗುಡ್ಡಕ್ಕೆ ಮೆಕ್ಯಾನಿಕ್ ಹತ್ತುವುದಿಲ್ಲ. ಅದಕ್ಕೆ ನಾವು ಅಂಗಡಿಯವರು ಕೊಡುವ ಉತ್ತರವೂ ಒಂದೇ. ನನ್ನ ಅಪ್ಪ ಇದೇ ಉತ್ತರ ಕೊಡುತ್ತಿದ್ದರು, ನಾನೂ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಇದನ್ನೇ ಹೇಳುತ್ತಾ ಬಂದವನು.

“ಬೇಡವೇ ಬೇಡ ಸಾರ್!” ಎಂದೆ ಎದೆಯುಬ್ಬಿಸಿ. “ಈ ಮಳೆಗಾಲ ಅಲ್ಲ, ಇನ್ನೂ ಮೂರು ಮಳೆಗಾಲ ಯಾರೂ ಮುಟ್ಟೋ ಹಾಗಿಲ್ಲ. ಕೂರಿಸಿದ ಮೇಲೆ ಮರೆತುಬಿಡಿ. ನಾನು ಜವಾಬ್ದಾರಿ.”

“ಯಾರೂ ಬೇಡ?”

“ಯಾರೂ ಬೇಡ!”

ಅತ್ತಿಗೆಯ ಮುಖ ನೋಡಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಹತ್ತು ದಿನ ಆ ಕತ್ತಲಲ್ಲಿ ಅಭಿಷೇಕ್‌ನನ್ನು ಜೀವಂತ ಉಳಿಸಿದ್ದು ಯಾವ ದಯೆಯೂ ಅಲ್ಲ, ಕೆಟ್ಟ ಪಂಪ್. ದಿನಾ ಬಿಚ್ಚಿ ತೊಳೆದು ಹೊಂದಿಸಲು ಒಂದು ಜೊತೆ ಕೈ ಬೇಕಿತ್ತು. ಆ ಕೈ ಇನ್ನು ಮೂರು ವರ್ಷ ಬೇಡವೆಂದು ಅವನ ಸೋದರಮಾವನೇ ಇದೀಗ ಹೇಳಿದ್ದ.

“ಇವ್ರು ಹಾಗೇ ಕೊಚ್ಕೊಳೋದು!” ಎಂದರು ಅತ್ತಿಗೆ ಗಟ್ಟಿಯಾಗಿ. “ಹೊಸಾ ಪಂಪ್ ಅಂದ್ಮೇಲೆ ಮೊದಲ ಹದಿನೈದು ದಿನ ಕಣ್ಣಿಟ್ಟು ನೋಡ್ಲೇಬೇಕು. ಗೊತ್ತಿದ್ದೋರೇ ನೋಡ್ಬೇಕು. ಅಲ್ವೇನ್ರೀ?”

“ಹೌದು ಸಾರ್! ಮರೆತೇಬಿಟ್ಟೆ. ಮೊದಲ ಹದಿನೈದು ದಿನ...” ಎಂದು ನಾನು ತೊದಲಿದೆ.

ಧರ್ಮೇಶ್ ತಲೆಯಾಡಿಸಿದರು. ಬಹಳ ಗೌರವದಿಂದ. “ಇಲ್ಲಮ್ಮ. ರೇವಣ್ಣೋರು ಒಂದು ಸಲ ಜವಾಬ್ದಾರಿ ಅಂದ್ರೆ ಮುಗೀತು. ವಸ್ತಾರೆಯಿಂದ ಕಳಸದವರೆಗೆ ಯಾರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ. ಅದಕ್ಕೇ ತಾನೆ ಇವ್ರ ಅಂಗಡಿಗೇ ಫೋನ್ ಮಾಡಿದ್ದು.”

ಅವರು ಟ್ಯಾಂಕಿನೊಳಗೆ ಒಂದು ಚಿಟಿಕೆ ಆಹಾರ ಉದುರಿಸಿದರು. ಮೀನುಗಳು ಮುತ್ತಿಕೊಂಡದ್ದನ್ನು ತೃಪ್ತಿಯಿಂದ ನೋಡಿ, ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

“ನೀವು ಹೊರಡಿ. ಗೇಟ್ ತೆಗೆದೇ ಇದೆ. ನಂಗೆ ಒಳಗೆ ಒಂದು ಸಣ್ಣ ಕೆಲ್ಸ ಇದೆ, ಇವತ್ತೇ ಮುಗಿಸಿಬಿಡ್ತೀನಿ.”

ಅವರು ಅಡುಗೆಮನೆಯ ಕಡೆ ನಡೆದರು. ಅತ್ತಿಗೆ ಹಿಂದೆಯೇ ಹೋದರು, “ಸ್ವಲ್ಪ ಕುಡಿಯೋಕೆ ನೀರು...” ಎನ್ನುತ್ತಾ. ಬಾಗಿಲು ಅವರ ಮುಖಕ್ಕೆ ಬಡಿಯಿತು. ಚಿಲಕ ಬಿತ್ತು. ಅದರ ಹಿಂದೆಯೇ ಇನ್ನೊಂದು ಅಗುಳಿ ಜಾರಿದ ಸದ್ದು. ಬೀಟೆ ಮರದ ಬಾಗಿಲು, ನಮ್ಮಂಥ ಹತ್ತು ಜನ ಹೆಗಲು ಕೊಟ್ಟರೂ ಅಲುಗುವಂಥದ್ದಲ್ಲ. ಆದರೂ ಅತ್ತಿಗೆ ಹೆಗಲು ಕೊಟ್ಟರು.

ಹಲಗೆಯ ಕೆಳಗೆ ಮೆಟ್ಟಿಲು ಇಳಿಯುವ ಹೆಜ್ಜೆಗಳು ಕೇಳಿಸಿದವು. ಆತುರವೇನೂ ಇರಲಿಲ್ಲ.

ಧನ್ಯಾ ಬಂದು ನನ್ನ ಎರಡೂ ರಟ್ಟೆ ಹಿಡಿದಳು. ಈಗ ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಮಾವ, ಆ ಪಂಪ್ ಕೆಡಿಸಿ. ಇಲ್ಲಿಂದಾನೇ ಕೆಡಿಸಿ. ಅವ್ರು ಕೆಳಗೆ ಮುಟ್ಟೋದ್ರೊಳಗೆ ಕೆಡಬೇಕು.”

ನಾನು ಟ್ಯಾಂಕಿನ ಕಡೆ ತಿರುಗಿದೆ. ಜೀವಮಾನವಿಡೀ ಪಂಪ್ ಓಡಿಸುವುದನ್ನು ಕಲಿತವನಿಗೆ, ಹದಿನೆಂಟು ಅಡಿ ಮೇಲೆ ನಿಂತು ಅದನ್ನು ನಿಲ್ಲಿಸುವುದು ಹೇಗೆಂದು ಹೊಳೆಯಲಿಲ್ಲ. ಪೈಪಿನ ಬಾಯಿಂದ ನೀರು ಒಂದೇ ಸಮನೆ ಬರುತ್ತಿತ್ತು.